ಹೂವಕ್ಕನ ಮಾಳಿಗೆಯ ಬಿಸಿಲು

ನಮ್ಮೂರಿನಲ್ಲಿ ಪಕ್ಕದ ಮನೆಯವರು ಅಂದರೆ ಬರೀ ಪಕ್ಕದ ಮನೆಯವರು, ಅಷ್ಟೇ. ಅವರಿಗೆ ಉಪ್ಪು ಕೊಡಬಹುದು, ಹೆಪ್ಪಿಗೆ ಮಜ್ಜಿಗೆ ಕೊಡಬಹುದು, ಜಗಳವನ್ನಂತೂ ಧಾರಾಳವಾಗಿ ಕೊಡಬಹುದು. ಉಪ್ಪಿನಕಾಯಿ ಮಾತ್ರ ಕೊಡುವ ಹಾಗಿಲ್ಲ. ಉಪ್ಪಿನಕಾಯಿ, ಮದುವೆಯ ಅಕ್ಷತೆ, ಯುಗಾದಿಯ ಬೇವು-ಬೆಲ್ಲ, ಕೊನೆಗೆ ಹೆಗಲು ಕೊಡುವುದು, ಇವೆಲ್ಲ ಬಳಗದವರ ನಡುವೆ. ಬಳಗ ಅಂದರೆ ಬಿಸಿಲ ಬಳಗ. ಒಂದೇ ಅಳತೆಯ ಬಿಸಿಲು ಬೀಳುವ ಮನೆಗಳು ಊರಿನ ಯಾವ ಮೂಲೆಯಲ್ಲೇ ಇರಲಿ, ಅವೆಲ್ಲ ಒಂದು ಬಳಗ. ಅಂಕಿ ಏರಿದಷ್ಟೂ ಬಿಸಿಲು ಜಾಸ್ತಿ. ನಮ್ಮ ಮನೆಗೆ ಆರರ ಬಿಸಿಲು. ಗೋಡೆಗೆ ಗೋಡೆ ಹತ್ತಿದ ಎಡಗಡೆಯ ಮನೆಗೆ ಮೂರರದ್ದು, ಬಲಗಡೆಯ ಮನೆಗೆ ಒಂಬತ್ತರದ್ದು. ಎಡಗಡೆಯವರು ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತ ಹೊತ್ತಿಗೇ ಬಲಗಡೆಯವರು ಬೀಸಣಿಕೆ ಹಿಡಿದು ಕೂತಿರುತ್ತಾರೆ. ನಾವು ನಡುವಿನವರು ಇಬ್ಬರನ್ನೂ ನೋಡಿ ನಗುತ್ತೇವೆ.

ಮೂರರಿಂದ ಒಂಬತ್ತರವರೆಗೆ ಊರಿನಲ್ಲಿ ಏಳು ಬಳಗ. ಎಲ್ಲರ ಮಾಳಿಗೆಯ ಮೇಲೂ ಸೋಲಾರ್ ಪ್ಲೇಟುಗಳಿವೆ, ಒಂದೊಂದು ಬಳಗಕ್ಕೂ ಒಂದೊಂದು ತಂತಿ. ಬಳಗದ ಮನೆಗಳ ಕರೆಂಟೆಲ್ಲ ಆ ತಂತಿಗೆ ಬರುತ್ತದೆ. ಅದರಲ್ಲಿ ಏನು ಮಾಡಬೇಕೆಂದು ಬಳಗದವರು ಕೂತು ಯೋಚಿಸುತ್ತಾರೆ. ಒಂಬತ್ತರವರು ಊರಿಗೆಲ್ಲ ನೀರೆತ್ತುತ್ತಾರೆ. ಎಂಟರವರದು ಬರ್ಫದ ಕಾರ್ಖಾನೆ. ನಮ್ಮ ಆರರವರದು ಹಿಟ್ಟಿನ ಗಿರಣಿ. ಮೂರರವರು ಒಂದು ರೇಡಿಯೋ ಇಟ್ಟಿದ್ದಾರೆ. ಅದು ವಾರ್ತೆ ಮುಗಿಯುವ ಮೊದಲೇ ಬಾಯಿ ಮುಚ್ಚುವುದರಿಂದ, ಲೋಕದಲ್ಲಿ ಏನಾಯಿತೆಂದು ಗೊತ್ತಿದ್ದರೂ ಅದು ಹೇಗೆ ಮುಗಿಯಿತೆಂದು ಅವರಿಗೆ ಗೊತ್ತಿರುವುದಿಲ್ಲ. ಹಾಗಂತ ಜಾಸ್ತಿ ಬಿಸಿಲಿನವರಿಗೆ ಕಷ್ಟಗಳೇ ಇಲ್ಲವೆಂದಲ್ಲ. ಎಂಟು, ಒಂಬತ್ತರ ಮಾಳಿಗೆಗಳು ಎಷ್ಟು ಕಾಯುತ್ತವೆಂದರೆ ಕಾಗೆಗಳು ಕಾಲೂರುವುದಿಲ್ಲ. ಹಿರಿಯರ ಪಕ್ಷದ ದಿನ ಅವರು ಎಡೆ ಹಿಡಿದುಕೊಂಡು ಕಡಿಮೆ ಬಿಸಿಲಿನವರ ಮನೆಗೆ ಬಂದು, ‘ಒಂದು ಗಳಿಗೆ ನಿಮ್ಮ ಮಾಳಿಗೆ ಕೊಡಿ’ ಎಂದು ಕೇಳಬೇಕು. ಆಗದ ಕೆಲಸಕ್ಕೆ ಕೈ ಹಾಕಿದವರನ್ನು ನಮ್ಮಲ್ಲಿ ‘ಎಂಟರ ಮಾಳಿಗಿಗೆ ಕಾಗಿ ಕರದಂಗ’ ಎಂದು ಆಡಿಕೊಳ್ಳುತ್ತಾರೆ.

ನಾನು ಸಾವಂತ್ರಿ. ಬಿಸಿಲ ಕಚೇರಿಯ ಅಳತೆಗಾತಿ. ಒಂಬತ್ತು ವರ್ಷಕ್ಕೊಮ್ಮೆ ಊರಿನ ಎಲ್ಲ ಮನೆಗಳ ಬಿಸಿಲನ್ನು ಹೊಸದಾಗಿ ಅಳೆದು ಬಳಗ ಕಟ್ಟುವುದು ನನ್ನ ಕೆಲಸ. ಅಳೆಯುವುದು ಸಂಡಿಗೆಯಿಂದ. ಅಕ್ಕಿಯನ್ನು ಮೂರು ದಿನ ನೆನೆಸಿ, ರುಬ್ಬಿ, ಉಪ್ಪು ಜೀರಿಗೆ ಹಾಕಿ ಕಚೇರಿಯ ಒಲೆಯ ಮೇಲೆಯೇ ಹಿಟ್ಟು ಕುದಿಸುತ್ತೇನೆ. ಬೆಳಿಗ್ಗೆ ಒಂದು ಓಣಿಯ ಎಲ್ಲ ಮಾಳಿಗೆಗಳ ಮೇಲೂ ಒಂದೊಂದು ಬಟ್ಟೆ ಹಾಸಿ, ಒಂದೇ ಸೌಟಿನಿಂದ ಒಂದೊಂದು ಸಂಡಿಗೆ ಇಡುತ್ತೇನೆ. ಬಟ್ಟೆಯಿಂದ ತಾನಾಗಿ ಎದ್ದು ಬಂದು, ಬೆರಳಲ್ಲಿ ಅಂಚು ಮುರಿದರೆ ಕಟಕ್ ಎನ್ನಬೇಕು. ಎಂಟರ ಬಿಸಿಲಿನಲ್ಲಿ ನಡುಹಗಲಿಗೆಲ್ಲ ಕಟಕ್ ಎನ್ನುತ್ತದೆ. ನಾಲ್ಕರದ್ದಾದರೆ ಮರುದಿನದ ಸಂಜೆ. ಕಟಕ್ ಅಂದದ್ದೇ ತಡ, ಮಾಳಿಗೆಯ ತುದಿಗೆ ನಿಂತು ಮೂರು ಸಲ ಕೂಗಿ ಅಂಕಿ ಹೇಳಬೇಕು. ಒಣಗಿದ ಸಂಡಿಗೆಯೇ ದಾಖಲೆ. ಅದು ಮನೆಯ ನಂಬರು ಬರೆದ ಡಬ್ಬಿಯಲ್ಲಿ ಒಂಬತ್ತು ವರ್ಷ ಕಚೇರಿಯಲ್ಲಿರುತ್ತದೆ. ಹೊಸ ಅಳತೆ ಮುಗಿದ ದಿನ ಹಳೆಯ ದಾಖಲೆಗಳನ್ನೆಲ್ಲ ಕಚೇರಿಯ ಅಂಗಳದಲ್ಲಿ ಕರಿದು ಊರಿಗೆ ಹಂಚುತ್ತಾರೆ. ಏಳು ಬಳಗದವರೂ ಒಂದೇ ಪಂಕ್ತಿಯಲ್ಲಿ ಕೂತು ತಿನ್ನುವುದು ಆ ದಿನ ಮಾತ್ರ.

ನಮ್ಮ ಸಾಹೇಬರು ಅಡಿವೆಪ್ಪನವರು. ಮೂಗಿನ ತುದಿಯಲ್ಲಿ ಕನ್ನಡಕ, ಕನ್ನಡಕದ ತುದಿಯಲ್ಲಿ ಸಿಟ್ಟು. ಆದರೆ ಅವರ ಮಾತಿನಲ್ಲಿ ತೂಕವಿತ್ತು. ‘ಒಂದೇ ಬಿಸಿಲಿನವರು ಒಂದೇ ಕಡಿ ಕೂತ್ರ ಯೋಜನಿ ಸರಳ. ನಾಕರವಂಗ ಒಂಬತ್ತರವನ ಕನಸು ಬೀಳಬಾರ್ದು, ಒಂಬತ್ತರವಂಗ ನಾಕರವನ ನಿದ್ದಿ ಬರಬಾರ್ದು’ ಎನ್ನುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ದಿನ ಸೌಟನ್ನು ಕೈಗೆ ಕೊಟ್ಟು, ‘ತಂಗಿ, ಒಂದ ಒಂದು ತಪ್ಪಾದ್ರೂ ಈ ಸೌಟು ನಿಮ್ಮ ಮನ್ಯಾಗ ಸಾರು ಬಡಸಾಕ ಹೋಗ್ತೈತಿ, ನೆನಪಿರ್ಲಿ’ ಎಂದರು. ಅದಾದ ಐದನೆಯ ದಿನಕ್ಕೇ ನಾನು ತಪ್ಪು ಮಾಡಿದೆ.

ಆ ತಪ್ಪು ಹೂವಕ್ಕನ ಮಾಳಿಗೆಯದು. ಹೂವಕ್ಕನೂ ಕೋಟೆಗೋಡೆಯ ಕೆಳಗಿನ ದ್ಯಾಮವ್ವನೂ ಬೇರೆ ಊರಿನವರು. ಒಂದೇ ಓಣಿಯಲ್ಲಿ ಆಡಿ ಬೆಳೆದವರು. ಒಂದೇ ಚಕ್ಕಡಿಯಲ್ಲಿ ನಮ್ಮೂರಿಗೆ ಸೊಸೆಯರಾಗಿ ಬಂದರು. ಚಕ್ಕಡಿ ಊರಬಾಗಿಲ ಅಗಸೆ ದಾಟಿದ ಮೇಲೆ ಹೂವಕ್ಕ ಎಂಟರ ಮನೆಗೆ ಇಳಿದಳು, ದ್ಯಾಮವ್ವ ನಾಲ್ಕರ ಮನೆಗೆ. ಅಲ್ಲಿಂದ ಇಪ್ಪತ್ತೆರಡು ವರ್ಷ ಒಬ್ಬರ ಮನೆಯ ಉಪ್ಪಿನಕಾಯಿ ಇನ್ನೊಬ್ಬರು ತಿನ್ನಲಿಲ್ಲ. ಸಂತೆಯಲ್ಲಿ ಸಿಕ್ಕರೆ ಮಾತು, ಸಂಡಿಗೆ ಕರಿಯುವ ದಿನ ಪಂಕ್ತಿಯಲ್ಲಿ ಪಕ್ಕ ಪಕ್ಕ, ಅಷ್ಟೇ. ಗಂಡ ತೀರಿಕೊಂಡ ಮೇಲೆ ಹೂವಕ್ಕ ಮೈದುನರಿಗೆ ಮನೆ ಬಿಟ್ಟುಕೊಟ್ಟು, ತನ್ನ ಪಾಲಿಗೆ ಬಂದ ಹಳೆಯ ಹತ್ತಿ ಗೋದಾಮನ್ನೇ ಸುಣ್ಣ ಬಳಿದು ಮನೆ ಮಾಡಿಕೊಂಡಳು. ಗೋದಾಮಿಗೆ ಬಳಗವೆಲ್ಲಿಯದು? ಅದನ್ನು ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ.

ಊರಲ್ಲೇ ದೊಡ್ಡ ಮಾಳಿಗೆ ಅದು. ಮೆಟ್ಟಿಲು ಹತ್ತಿ ನಿಂತ ಕೂಡಲೇ, ಇದು ಎಂಟು ಎಂದು ನನ್ನ ಅಂಗಾಲೇ ಹೇಳಿತು. ಸಂಡಿಗೆ ಇಟ್ಟು ಹೋದೆ. ನಡುಹಗಲು ಬಂದು ನೋಡಿದರೆ ಹಸಿ. ಮರುದಿನ ನಡುಹಗಲೂ ಹಸಿ. ಸಂಜೆ ಬಟ್ಟೆಯಿಂದ ಎದ್ದು ಬಂತು, ಕಟಕ್ ಎಂದಿತು. ಕೂಗಲೆಂದು ಬಾಯಿ ತೆರೆದವಳು ಕೈಯಲ್ಲಿದ್ದುದನ್ನು ನೋಡಿ ಮುಚ್ಚಿಕೊಂಡೆ. ಸಂಡಿಗೆಯ ಮೇಲೆ ಸೀರೆಯ ಸೆರಗಿನ ಗೆರೆಗಳು ಅಚ್ಚೊತ್ತಿದಂತೆ ಮೂಡಿದ್ದವು, ಬಾಚಣಿಗೆಯ ಹಲ್ಲಿನಂಥ ಗೆರೆಗಳು.

‘ಹೂವಕ್ಕಾ, ಇದಕ್ಕ ಏನರ ಹೊಚ್ಚಿದ್ರೇನ್ರಿ?’ ಎಂದು ಕೇಳಿದೆ.

‘ಹೂಂ ತಂಗಿ. ಹಳೀ ಸೀರಿ ನಾಕ ಪದರ ಮಾಡಿ ಹೊಚ್ಚಿದ್ದೆ, ನೀ ನೋಡಾಕ ಬರೂ ಹೊತ್ತಿಗೆ ತಗೀತಿದ್ದೆ. ಕಾಗಿ ಬರ್ತಾವಲ್ಲ? ಸಂಡಗಿ ಹಂಗ ಬಿಟ್ಟು ಹೋಗಾಕ ಹೆಂಗಸಿನ ಜೀವ ಕೇಳ್ತೈತೇನ? ಕೈ ತಾನ ಹೋತು ನೋಡು’ ಎಂದಳು.

ಎಂಟು ವರ್ಷದವಳಿದ್ದಾಗ ಸಂಡಿಗೆ ಮುಚ್ಚದೆ ಆಡಲು ಹೋದೆನೆಂದು ನನ್ನವ್ವ ನನ್ನ ಕಿವಿ ಹಿಂಡಿದ್ದು ಇನ್ನೂ ನೆನಪಿದೆ. ಮನೆಯವರು ಮುಟ್ಟಬಾರದೆಂಬ ನಿಯಮವನ್ನು ಗಂಡಸರು ಬರೆದರು, ಹೆಂಗಸಿನ ಕೈಗೆ ಅದನ್ನು ಯಾರು ಹೇಳಬೇಕು? ತಪ್ಪಾಯಿತೆಂದು ಸಾಹೇಬರಿಗೆ ಹೇಳಿದರೆ ಸೌಟು ಮನೆಗೆ ಹೋಗುತ್ತದೆ. ಎರಡು ದಿನ ಕಾದು ನೋಡದೆ ಹೋದದ್ದು ನನ್ನದೇ ಅಲಕ್ಷ್ಯ. ಹೆದರಿಕೆಯಾಯಿತು. ಮಾಳಿಗೆಯ ತುದಿಗೆ ಹೋಗಿ ‘ನಾಕು! ನಾಕು! ನಾಕು!’ ಎಂದು ಕೂಗಿ, ಸಂಡಿಗೆಯನ್ನು ಗೆರೆ ಕಾಣದ ಹಾಗೆ ಬೋರಲು ಮಾಡಿ ಡಬ್ಬಿಗೆ ಹಾಕಿದೆ.

ಹೀಗೆ ಎಂಟರ ಬಿಸಿಲಿನ ಮಾಳಿಗೆಯೊಂದು ನಾಲ್ಕರ ಬಳಗಕ್ಕೆ ಸೇರಿತು. ಆ ವರ್ಷ ನಾಲ್ಕರವರ ತಂತಿಯಲ್ಲಿ ಯಾರೂ ಎಣಿಸದಷ್ಟು ಕರೆಂಟು ಹರಿಯತೊಡಗಿತು. ಅವರು ಹಿಗ್ಗಿ, ದ್ಯಾಮವ್ವನ ಮನೆಯ ಹಿಂದೆ ಒಂದು ಬಿಸಿನೀರಿನ ಮನೆ ಕಟ್ಟಿದರು. ಬಾಣಂತಿಯರಿಗೆ, ಕೂಸುಗಳಿಗೆ. ಹಲ್ಲು ಮೂಡುವ ತನಕ ಕೂಸಿಗೆ ಬಳಗವಿಲ್ಲ ಎಂಬುದು ನಮ್ಮೂರಿನ ಕಟ್ಟಳೆ, ಹಾಗಾಗಿ ಏಳು ಬಳಗದ ಕೂಸುಗಳೂ ಅಲ್ಲಿಗೇ ಬಂದವು. ಎರೆಯುವವಳು ಹೂವಕ್ಕ, ನೀರು ಹದ ಮಾಡುವವಳು ದ್ಯಾಮವ್ವ. ಹೂವಕ್ಕನ ಕಾಲ ಮೇಲೆ ಅಳುತ್ತಾ ಮಲಗಿದ ಕೂಸು ಏಳುವಾಗ ನಿದ್ದೆ ಹೋಗಿರುತ್ತಿತ್ತು. ನನ್ನ ಇಬ್ಬರು ಮಕ್ಕಳಿಗೂ ಅವಳೇ ಎರೆದಳು. ಅವಳು ನನ್ನ ಮಗಳ ಬೆನ್ನು ತಿಕ್ಕುತ್ತಿದ್ದರೆ ನಾನು ಮೂಲೆಯಲ್ಲಿ ಕೂತು, ಈ ಬಿಸಿನೀರು ನನ್ನ ಸುಳ್ಳಿನಿಂದ ಕಾದದ್ದು ಎಂದುಕೊಳ್ಳುತ್ತಿದ್ದೆ. ಸಂತೋಷವೂ ಆಗುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಅಡಿವೆಪ್ಪನವರಿಗೆ ಗುಮಾನಿ ಬರಲಿಲ್ಲವೇ? ಬರಲಿಲ್ಲ. ನಾಲ್ಕರವರು ಕೈ ಬಿಗಿ ಹಿಡಿದು ಬಾಳುತ್ತಾರೆ, ಅದಕ್ಕೇ ಅಷ್ಟು ಉಳಿಯುತ್ತದೆ ಎಂದು ನಂಬಿ ಪ್ರತಿ ವರ್ಷ ಆ ಬಳಗಕ್ಕೆ ಹಾರ ಹಾಕಿ ‘ಮಿತವ್ಯಯ’ ಎಂಬ ಭಾಷಣ ಮಾಡುತ್ತಿದ್ದರು. ಅಷ್ಟೇ ಆಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಐದರ ಬಳಗದವರು, ನಾಲ್ಕರವರಿಂದ ಆದದ್ದು ನಮ್ಮಿಂದ ಯಾಕಾಗದು ಎಂದು ತಾವೂ ಒಂದು ಬಿಸಿನೀರಿನ ಮನೆ ಕಟ್ಟಿದರು. ನೀರು ಕಾಯಲಿಲ್ಲ. ಕೆಡವಿ ಮತ್ತೊಮ್ಮೆ ಕಟ್ಟಿದರು. ಆಗಲೂ ಕಾಯಲಿಲ್ಲ. ಸಾಹೇಬರು ತುಂಬಿದ ಸಭೆಯಲ್ಲಿ ಅವರನ್ನು ದುಂದುಗಾರರು ಎಂದರು. ಐದರ ಹೆಂಗಸರು ತಲೆ ತಗ್ಗಿಸಿ ಕೂತದ್ದನ್ನು ನಾನು ನೋಡಿದೆ. ಅವತ್ತು ಊಟ ಸೇರಲಿಲ್ಲ.

ಒಂಬತ್ತು ವರ್ಷ ಕಳೆಯುವುದು ಎಷ್ಟು ಹೊತ್ತು? ಮತ್ತೆ ಅಳತೆ ಬಂತು, ಹೂವಕ್ಕನ ಓಣಿಯ ಸರದಿಯೂ ಬಂತು. ಬೆಳಿಗ್ಗೆ ಪಾತ್ರೆ ಸೌಟು ಹಿಡಿದು ಅವಳ ಮಾಳಿಗೆ ಹತ್ತಿದೆ. ಬಟ್ಟೆ ಹಾಸಿ ಸಂಡಿಗೆ ಇಟ್ಟೆ. ಹೂವಕ್ಕ ಹಳೆಯ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಎದೆಗೊತ್ತಿಕೊಂಡು ನಿಂತಿದ್ದಳು.

‘ಹೊಚ್ಚಲೇನ ಸಾವಂತ್ರಿ?’ ಎಂದಳು.

ಹೊಚ್ಚು ಎಂದರೆ ಎಲ್ಲ ಮೊದಲಿನಂತೆ: ಬಿಸಿನೀರು, ದ್ಯಾಮವ್ವ, ಕೂಸುಗಳು, ನನ್ನ ಸೌಟು. ಬೇಡ ಎಂದರೆ ಹೂವಕ್ಕ ನಾಳೆಯಿಂದ ಎಂಟರವಳು. ಅವಳ ತಂತಿ ಬರ್ಫದ ಕಾರ್ಖಾನೆಗೆ, ಅವಳ ಹಬ್ಬ ಎಂಟರವರ ಅಂಗಳದಲ್ಲಿ, ಬಿಸಿನೀರಿನ ಮನೆಗೆ ಬೀಗ. ಅಷ್ಟರಲ್ಲಿ ತಲೆ ತಗ್ಗಿಸಿ ಕೂತ ಐದರ ಹೆಂಗಸರು ಕಣ್ಣ ಮುಂದೆ ಬಂದರು.

‘ಬ್ಯಾಡ ಹೂವಕ್ಕಾ. ಈ ಸಲ ಹಂಗ ಇರ್ಲಿ. ನನಗ ಇನ್ನ ತಾಳೂದಿಲ್ಲ’ ಎಂದೆ.

ಅವಳು ಸೀರೆಯನ್ನು ಹಾಸಿಕೊಂಡು ನನ್ನ ಪಕ್ಕದಲ್ಲೇ ಕೂತಳು. ಕಣ್ಣುಗಳು ತುಂಬಿಕೊಂಡಿದ್ದವು. ‘ಎಂಟರವರ ಸಂಗಾಟ ನಾ ಏನ್ ಮಾಡ್ಲಿ ತಂಗಿ? ಅವರ ಮನ್ಯಾಗ ಇಪ್ಪತ್ತೆರಡು ವರ್ಷ ಇದ್ದು ಬಂದೀನಿ. ಕೆಟ್ಟವರಲ್ಲ ಪಾಪ. ಆದ್ರ ಅವರು ಎಲ್ಲಾರೂ ಒಮ್ಮೆಲೇ ಮಾತಾಡ್ತಾರ. ದ್ಯಾಮಿ ಸುಮ್ನ ಕುಂತು ಕೇಳ್ತಾಳ’ ಎಂದಳು. ಬಿಸಿಲೇರಿತು, ನೆತ್ತಿ ಕಾಯಿತು, ಇಬ್ಬರೂ ಸೆರಗು ಹೊದ್ದುಕೊಂಡು ಸಂಡಿಗೆಯನ್ನು ನೋಡುತ್ತಾ ಕೂತೆವು. ನಡುಹಗಲಿಗೆ ಸರಿಯಾಗಿ ಅದು ಬಟ್ಟೆ ಬಿಟ್ಟಿತು. ಅಂಚು ಮುರಿದೆ, ಕಟಕ್. ನಾನು ಎದ್ದು ಹೋಗಿ ‘ಎಂಟು’ ಎಂದು ಎರಡು ಸಲ ಕೂಗಿದೆ. ಮೂರನೆಯ ಸಲ ಹೂವಕ್ಕನೇ ನನ್ನ ಪರವಾಗಿ ಕೂಗಿದಳು.

ಅಲ್ಲಿಂದ ನೆಟ್ಟಗೆ ಕಚೇರಿಗೆ ಹೋಗಿ ಹಳೆಯ ಡಬ್ಬಿ ತೆಗೆದು ಸಾಹೇಬರ ಮೇಜಿನ ಮೇಲಿಟ್ಟೆ, ನಡೆದದ್ದನ್ನೆಲ್ಲ ಹೇಳಿದೆ. ಅಡಿವೆಪ್ಪನವರು ಸಂಡಿಗೆಯನ್ನು ಬೆಳಕಿಗೆ ಹಿಡಿದು ಸೆರಗಿನ ಗೆರೆಗಳನ್ನು ಒಂದೊಂದಾಗಿ ನೋಡಿದರು. ಬಯ್ಯುತ್ತಾರೆಂದು ಕಾದೆ. ಅವರು ಕನ್ನಡಕ ತೆಗೆದು, ‘ಅಂದ್ರ, ಒಂಬತ್ತು ವರ್ಷ ನಾ ಮಾಡಿದ ಭಾಷಣ?’ ಎಂದರು. ಅವರ ಮುಖ ನೋಡಿ ನನಗೆ ನಿಜವಾಗಿ ಅಯ್ಯೋ ಎನಿಸಿತು.

ಸಂಡಿಗೆಯನ್ನು ಮತ್ತೆ ಡಬ್ಬಿಗೆ ಹಾಕಿ, ‘ನಿನ್ನ ಸೌಟು ಕಸಗೊಂಡ್ರ ಉಳದ ನಾಕು ಓಣಿ ಯಾರು ಅಳೀಬೇಕು? ಮದ್ಲ ಅದನ್ನ ಮುಗಸು. ಕರಿಯೋ ದಿನ ಊರ ಮುಂದ ಹೇಳೂಣು’ ಎಂದರು.

ಸುದ್ದಿಗೆ ಕಾಲಿಲ್ಲದಿದ್ದರೂ ಅದು ಸಂಜೆಯೊಳಗೆ ಏಳು ಬಳಗ ಸುತ್ತಿತು. ಐದರ ಹೆಂಗಸರು ನನ್ನ ಮನೆಗೆ ಬಂದರು. ಬಯ್ಯಲು ಬಂದರೆಂದು ಬಾಗಿಲ ಹಿಂದೆ ನಿಂತೆ. ಅವರು ಕಟ್ಟೆಯ ಮೇಲೆ ಕೂತು ಮನಸಾರೆ ನಕ್ಕರು, ಆಮೇಲೆ ಮನಸಾರೆ ಬಯ್ದರು, ಚಹ ಕುಡಿದು ಹೋದರು. ನನ್ನ ಎದೆಯ ಅರ್ಧ ಭಾರ ಅವತ್ತೇ ಇಳಿಯಿತು.

ಕರಿಯುವ ದಿನ ಕಚೇರಿಯ ಅಂಗಳದಲ್ಲಿ ದೊಡ್ಡ ಬಾಣಲೆ ಇಟ್ಟು ಎಣ್ಣೆ ಕಾಯಿಸಿದ್ದರು. ಎಂಟರ ಬಳಗದ ಹಿರಿಯಳು, ಬರ್ಫದ ಕಾರ್ಖಾನೆ ನೋಡಿಕೊಳ್ಳುವ ಶಿವಗಂಗಮ್ಮ, ಸೊಂಟಕ್ಕೆ ಸೆರಗು ಸಿಕ್ಕಿಸಿ ಎದ್ದು ನಿಂತಳು. ‘ಊರಾಗಿನ ದೊಡ್ಡ ಮಾಳಿಗಿ ನಮ್ಮದಿದ್ದು ಒಂಬತ್ತು ವರ್ಷ ಪರರ ತಂತ್ಯಾಗ ಹರೀತು. ಹೋದದ್ದು ಹೋತು. ಇವತ್ತಿನಿಂದ ಹೂವಕ್ಕ ನಮ್ಮಾಕಿ. ಸಾಹೇಬ್ರ, ತಂತಿ ಬದಲಾಸ್ರಿ’ ಎಂದಳು. ಅವಳ ಮಾತು ನ್ಯಾಯವಾಗಿತ್ತು.

ಯಾವತ್ತೂ ಸುಮ್ಮನೆ ಕೂತು ಕೇಳುವ ದ್ಯಾಮವ್ವ ಅವತ್ತು ಎದ್ದಳು. ‘ಹೂವಿ ಎಂಟಕ್ಕ ಹೋದ್ರ ನಾನೂ ಹೋಗ್ತೀನಿ. ನನ್ನ ಮನಿ ನಾಕರಾಗ ಇರ್ಲಿ, ನಾ ಹೋಗಿ ಆಕಿ ಮಾಳಿಗಿ ಮ್ಯಾಲ ಸಂಡಗಿ ಕುಂತಂಗ ಕುಂದರ್ತೀನಿ. ಯಾರು ಎಬ್ಬಸ್ತಾರ ನೋಡ್ತೀನಿ’ ಎಂದಳು. ಹೂವಕ್ಕ ಅವಳ ಕೈ ಹಿಡಿದು ಕೂರಿಸಿ, ತಾನು ನಿಂತಳು.

‘ಶಿವಗಂಗಮ್ಮಾರ, ನೀವು ಕರದ್ರ ಬರಾಕ ಬೇಕು, ಬರ್ತೀನಿ. ಒಂದ ಮಾತು ಕೇಳ್ತೀನಿ. ನಿಮ್ಮ ಮಗಳಿಗೆ ಈಗ ಎಂಟು ತಿಂಗಳಲ್ರಿ? ಬರೋ ತಿಂಗಳು ಕೂಸಿಗೆ ಎರೀಬೇಕು. ಬಿಸಿನೀರಿನ ಮನಿ ಇರಂಗಿಲ್ಲ. ನಿಮ್ಮ ಕಾರ್ಖಾನ್ಯಾಗ ಬರ್ಫ ಬೇಕಾದಷ್ಟೈತಿ. ಅದರಾಗ ಎರದು ಕೊಡ್ಲೇನ್ರಿ?’

ಅಂಗಳ ನಗೆಯಿಂದ ಬಿರಿಯಿತು. ಶಿವಗಂಗಮ್ಮನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದನ್ನು ನೋಡಿ ಶಿವಗಂಗಮ್ಮ ಗಾಬರಿಯಾದಳು, ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಸೊಂಟದ ಸೆರಗು ಬಿಡಿಸಿ ಕೆಳಗೆ ಕೂತು, ‘ಒಂಬತ್ತು ವರ್ಷ ಇಲ್ಲದ್ದು ನಮಗ ಗೊತ್ತ ಆಗ್ಲಿಲ್ಲ. ಇನ್ನೊಂಬತ್ತು ವರ್ಷಾನೂ ಗೊತ್ತಾಗೂದು ಬ್ಯಾಡ ಬಿಡ್ರಿ’ ಎಂದಳು.

ಆದರೆ ಅಡಿವೆಪ್ಪನವರಿಗೆ ನಗುವಿನಿಂದ ದಾಖಲೆ ಬರೆಯಲು ಬರುವುದಿಲ್ಲ. ಒಂದೇ ಬಿಸಿಲಿನವರು ಒಂದೇ ಬಳಗ ಎಂಬುದು ಅವರು ಜೀವನವಿಡೀ ನಂಬಿದ ಮಾತು. ರಿಜಿಸ್ಟರು ತೆರೆದು, ಪೆನ್ನು ಹಿಡಿದು ಬಹಳ ಹೊತ್ತು ಕೂತರು. ಕೊನೆಗೆ ಬರೆದು, ಎದ್ದು ನಿಂತು ಓದಿದರು: ‘ಹತ್ತಿ ಗೋದಾಮಿನ ಮನೆ. ಬಿಸಿಲು ಎಂಟು. ಬಳಗ ಎಂಟು. ಒಂಬತ್ತು ವರ್ಷಕ್ಕೆ ನಾಲ್ಕರ ಬಳಗಕ್ಕೆ ಎರವಲು.’

ಎರವಲು ಎಂಬ ಮಾತು ಬಿದ್ದದ್ದೇ ಬಿದ್ದದ್ದು, ಐದರ ಹೆಂಗಸರು ಒಟ್ಟಿಗೇ ಎದ್ದರು. ‘ಹಂಗಾದ್ರ ನಮಗೂ ಒಂದು ಒಂಬತ್ತರ ಮನಿ ಎರವಲು ಕೊಡ್ರಿ ಸಾಹೇಬ್ರ!’ ಮೂರರವರು, ವಾರ್ತೆಯನ್ನು ಒಂದು ಸಲವಾದರೂ ಕೊನೆಯವರೆಗೆ ಕೇಳಬೇಕು ಎಂದರು. ನನ್ನ ಬಲಗಡೆಯ ಒಂಬತ್ತರವರು ಕೈಯೆತ್ತಿ, ಬೀಸಣಿಕೆ ಬೀಸಿ ಸಾಕಾಗಿದೆ, ನಮ್ಮನ್ನು ಮೂರಕ್ಕೆ ಎರವಲು ಹಾಕಿ ಎಂದರು. ಆ ಅಳತೆಯಿಂದ ನಮ್ಮೂರಿನಲ್ಲಿ ಕಡಿಮೆ ಬಿಸಿಲಿನ ಪ್ರತಿ ಬಳಗಕ್ಕೂ ಒಂದು ಎರವಲು ಮನೆ ಇದೆ. ಅಡಿವೆಪ್ಪನವರು ಈಗ ಅದರ ಮೇಲೆಯೇ ಭಾಷಣ ಮಾಡುತ್ತಾರೆ. ಮಿತವ್ಯಯದ ಭಾಷಣಕ್ಕಿಂತ ಚೆನ್ನಾಗಿರುತ್ತದೆ. ನನ್ನ ಸೌಟಿನ ಸುದ್ದಿಯನ್ನು ಅವರು ಎತ್ತಲಿಲ್ಲ, ನಾನೂ ನೆನಪಿಸಲಿಲ್ಲ.

ಆಮೇಲೆ ಕರಿಯುವುದು ಶುರುವಾಯಿತು. ಡಬ್ಬಿಗಳು ಒಂದೊಂದಾಗಿ ಬಾಣಲೆಗೆ ಖಾಲಿಯಾದವು. ಒಂಬತ್ತು ವರ್ಷದ ಸಂಡಿಗೆಗಳು ಎಣ್ಣೆಗೆ ಬಿದ್ದ ಕೂಡಲೇ ಅರಳಿ ಬಿಳಿಯಾಗಿ ತೇಲಿದವು. ಹೂವಕ್ಕನದೂ ಅರಳಿತು. ಅದರ ಮೇಲಿನ ಸೆರಗಿನ ಗೆರೆಗಳು ಬೆರಳಗಲವಾಗಿ, ದೂರದಿಂದಲೇ ಗುರುತು ಹತ್ತುವಂತಾದವು. ನಾನು ಅದನ್ನು ತೂತಿನ ಸಟ್ಟುಗದಿಂದ ಎತ್ತಿ ತಟ್ಟೆಗೆ ಹಾಕಿ, ದ್ಯಾಮವ್ವನ ಪಕ್ಕ ಕೂತಿದ್ದ ಹೂವಕ್ಕನಿಗೆ ಕೊಟ್ಟೆ.

‘ಇದೊಂದು ಸಂಡಗಿ ನನ್ನ ಒಂಬತ್ತು ವರ್ಷದ ನಿದ್ದಿ ತಿಂದೈತಿ ಹೂವಕ್ಕಾ. ನಾ ಅವತ್ತು ಅಲ್ಲೇ ಕುಂತು ಕಾಗಿ ಹೊಡದಿದ್ರ ಇಷ್ಟೆಲ್ಲ ಆಗ್ತಿರಲಿಲ್ಲ’ ಎಂದೆ.

ಹೂವಕ್ಕ ಸಂಡಿಗೆಯನ್ನು ಎರಡು ಪಾಲು ಮಾಡಿದಳು. ಒಂದು ಪಾಲು ನನ್ನ ಕೈಗಿಟ್ಟು, ಕಿವಿಯ ಹತ್ತಿರ ಬಾಗಿ, ‘ಎಂಟರ ಮಾಳಿಗಿ ಮ್ಯಾಲ ಕಾಗಿ ಎಲ್ಲಿಂದ ಬರಬೇಕ ಹುಚ್ಚೀ?’ ಎಂದಳು.

ನಾನು ಬಾಯಿ ತೆರೆದುಕೊಂಡು ಅವಳನ್ನು ನೋಡಿದೆ. ಮಗುವಾಗಿದ್ದಾಗಿನಿಂದ ಕೇಳಿದ ಗಾದೆ. ಒಂಬತ್ತು ವರ್ಷ ನನ್ನ ತಪ್ಪನ್ನೇ ತಿರುಗಿಸಿ ತಿರುಗಿಸಿ ನೋಡುವುದರಲ್ಲಿ ಅದು ನನ್ನ ತಲೆಗೇ ಹೊಳೆದಿರಲಿಲ್ಲ. ಅವಳ ಕೈ ತಾನಾಗಿ ಹೋಗಿರಲಿಲ್ಲ. ಬೇಕೆಂದೇ, ನಾಲ್ಕು ಪದರ ಮಾಡಿ, ನಾಲ್ಕರ ಅಳತೆಗೆ ಸರಿಯಾಗಿ ಹೊಚ್ಚಿದ್ದಳು. ಹೂವಕ್ಕ ಏನೂ ಅರಿಯದವಳಂತೆ ತನ್ನ ಪಾಲಿನಲ್ಲಿ ಅರ್ಧ ಮುರಿದು ದ್ಯಾಮವ್ವನ ಬಾಯಿಗಿಟ್ಟಳು. ದ್ಯಾಮವ್ವ ಕಣ್ಣು ಮುಚ್ಚಿ ಅಗಿದಳು.

ಆ ಹೊತ್ತಿಗೆ ಅಡಿವೆಪ್ಪನವರು ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ನಮ್ಮ ಪಂಕ್ತಿಗೆ ಬಂದರು. ‘ಏನವ್ವಾ ಸಾವಂತ್ರಿ, ಗೋದಾಮಿನ ಮನಿ ವಿಷಯದಾಗ ಬರಿಯೋದು ಇನ್ನೇನರ ಉಳದೈತೇನ?’ ಎಂದು ಕೇಳಿದರು. ಗೊತ್ತಾದದ್ದನ್ನು ಗೊತ್ತಾದ ಕೂಡಲೇ ಸಾಹೇಬರಿಗೆ ಹೇಳುವುದು ಅಳತೆಗಾತಿಯ ಕೆಲಸ. ನಾನು ದಾಖಲೆಯ ನನ್ನ ಪಾಲನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ಇಲ್ಲವೆಂದು ತಲೆಯಾಡಿಸಿದೆ. ಬಾಯಲ್ಲಿ ತುತ್ತಿರುವಾಗ ಮಾತಾಡಬಾರದೆಂದು ನನ್ನವ್ವ ಕಲಿಸಿದ್ದಾಳೆ.